ಹೊಲವನ್ನಷ್ಟೇ ದೂರಿದವರು

ಯರಗುಪ್ಪಿಯ ಎರೆಹೊಲದಲ್ಲಿ ಬಿತ್ತಿದ್ದು ನಾಟದಿದ್ದರೆ ರೈತ ಬೀಜವನ್ನೂ ಅಂಗೈಯಲ್ಲಿಟ್ಟು ನೋಡುತ್ತಾನೆ. ಅದೇ ರೈತನ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ? ಸೊಸೆ ಬಂಜೆ, ಮಗನಿಗೆ ಎರಡನೆಯ ಮದುವೆ! ಹೆಣ್ಣು ಕ್ಷೇತ್ರ, ಗಂಡಿನದು ಬೀಜ ಎಂದರು ಸ್ಮೃತಿಕಾರರು. ಬೀಜವೂ ಜಳ್ಳಾದೀತೆಂದು ಸುಶ್ರುತನು ಶುಕ್ರದೋಷಗಳನ್ನು ಎಣಿಸಿಟ್ಟಿದ್ದರೂ ಮನೆಯ ಹಿರಿಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ದಾರಿ ದತ್ತಕ. ಸಂಸ್ಥಾನಿಕರ ಪಾಲಿಗೆ ಕುಂಪಣಿ ಸರಕಾರ ಅದಕ್ಕೂ ಅಡ್ಡ ಬಂತು. ನಮ್ಮ ನೆರೆಯ ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿ ದೊರೆಯದಿದ್ದುದು 1858ರ ಬಂಡಾಯದ ಕಾರಣಗಳಲ್ಲೊಂದು. ಆ ವರ್ಷವೇ ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಇನ್ನು ಬೀಜದ ಮಾತು. 1677ರಲ್ಲೇ ಹಾಲೆಂಡಿನ ಲೇವೆನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುವನ್ನು ಕಂಡಿದ್ದ. ಉಪಾಯ ದೊರೆಯಲು ಮೂರು ಶತಮಾನ ಹಿಡಿಯಿತು. 1978ರಲ್ಲಿ ಇಂಗ್ಲೆಂಡಿನಲ್ಲಿ ಪ್ರನಾಳಶಿಶು ಹುಟ್ಟಿತು. ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಗರ್ಭ ನಿಲ್ಲಿಸಿದ ಸಂಗತಿಯನ್ನು ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಪ್ರಕಟಿಸಿದರು. ಅನಂತರ, ಹೊರಬಂದ ವೀರ್ಯದಲ್ಲಿ ಒಂದೂ ಕಾಣದವರ ವೃಷಣದಿಂದಲೇ, ಸೂಜಿಯಿಂದಲೋ ಸಣ್ಣ ಶಸ್ತ್ರಕ್ರಿಯೆಯಿಂದಲೋ, ಅದನ್ನು ತೆಗೆದು ಬಳಸುವುದೂ ಸಾಧ್ಯವಾಯಿತು. ಎಲ್ಲರಲ್ಲೂ ಸಿಕ್ಕೀತೆಂದಲ್ಲ, ಖರ್ಚಂತೂ ಒಣಬೇಸಾಯದವನ ಕೈಗೆ ನಿಲುಕುವುದಲ್ಲ.

ಇಂದು ಮಕ್ಕಳಿಲ್ಲವೆಂದು ಹುಬ್ಬಳ್ಳಿಗೆ ಹೋದ ದಂಪತಿಗಳಿಗೆ ವೈದ್ಯರು ಗಂಡನ ಪರೀಕ್ಷೆಗೂ ಚೀಟಿ ಬರೆದುಕೊಡುತ್ತಾರೆ. ಎಷ್ಟೋ ಗಂಡಂದಿರು ಅದನ್ನು ಮಡಚಿ ಕಿಸೆಗಿಟ್ಟು, ಪರೀಕ್ಷೆ ಮಾಡಿಸದೆಯೇ ಊರಿನ ಬಸ್ಸು ಹತ್ತುತ್ತಾರೆ.