ಅಡೆಲ್ಬರ್ಟ್ ಏಮ್ಸ್ ಮತ್ತು 1875ರ ಮಿಸಿಸಿಪ್ಪಿ: ಒಂದು ಮರುಪರಿಶೀಲನೆ

ಅಮೆರಿಕದ ಅಂತರ್ಯುದ್ಧದ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಅಧಿಕಾರ ನಡೆಸಿದ ಉತ್ತರದವರನ್ನು ಚರಿತ್ರೆಕಾರರು ಬಹುಕಾಲ ಲೂಟಿಕೋರರೆಂದೇ ಚಿತ್ರಿಸಿದರು. ಮಿಸಿಸಿಪ್ಪಿಯ ಗವರ್ನರ್ ಅಡೆಲ್ಬರ್ಟ್ ಏಮ್ಸ್ (1835–1933) ಕೂಡ ಆ ಪಟ್ಟಿಗೆ ಸೇರಿಹೋದ. ಅವನನ್ನು ಕೆಳಗಿಳಿಸಿದ್ದು ದುರಾಡಳಿತವಲ್ಲ, ಬಂದೂಕು ಎಂಬುದು ಈ ಲೇಖನದ ನಿಲುವು.

ಮೇನ್ ರಾಜ್ಯದ ಏಮ್ಸ್ ಓದಿದ್ದು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ. 1861ರ ಬುಲ್ ರನ್ ಕದನದಲ್ಲಿ ತೊಡೆಗೆ ಗುಂಡು ತಗುಲಿದರೂ ಫಿರಂಗಿಗಳನ್ನು ಬಿಟ್ಟು ಕದಲಲಿಲ್ಲ. ಆ ಕೆಚ್ಚಿಗೆ ಮುಂದೆ ಮೆಡಲ್ ಆಫ್ ಆನರ್ ಸಂದಿತು. 1868ರಲ್ಲಿ ಸೇನಾಡಳಿತ ಅವನನ್ನು ಮಿಸಿಸಿಪ್ಪಿಯ ತಾತ್ಕಾಲಿಕ ಗವರ್ನರನನ್ನಾಗಿಸಿತು. 1870ರಲ್ಲಿ ಶಾಸನಸಭೆ ಸೆನೆಟ್‌ಗೆ ಆರಿಸಿದಾಗ ಆಯ್ಕೆಪತ್ರಕ್ಕೆ ಸಹಿ ಹಾಕಿದವನೂ ಅವನೇ! ವಿರೋಧಿಗಳ ಕೊಂಕಿಗೆ ಅಷ್ಟು ಸಾಕಿತ್ತು. ಆದರೆ 1873ರಲ್ಲಿ ಜೇಮ್ಸ್ ಆಲ್ಕಾರ್ನ್‌ನನ್ನು ಸೋಲಿಸಿ ಗವರ್ನರ್ ಆದದ್ದು ಜನರ ಮತದಿಂದ, ಮುಖ್ಯವಾಗಿ ಬಿಡುಗಡೆ ಹೊಂದಿದ ಕಪ್ಪು ಜನರ ಮತದಿಂದ.

1875ರ ಸೆಪ್ಟೆಂಬರ್‌ನಲ್ಲಿ ಕ್ಲಿಂಟನ್ ಪಟ್ಟಣದಲ್ಲಿ ನಡೆದ, ಏಮ್ಸ್‌ನ ರಿಪಬ್ಲಿಕನ್ ಪಕ್ಷದ ಸಭೆಯಲ್ಲಿ ಗುಂಡು ಹಾರಿತು. ಮುಂದಿನ ದಿನಗಳಲ್ಲಿ ಶಸ್ತ್ರಧಾರಿ ಬಿಳಿಯರು ಹತ್ತಾರು ಕಪ್ಪು ಜನರನ್ನು ಕೊಂದರು. ಏಮ್ಸ್ ಸೇನೆ ಕೇಳಿದ. ಅಧ್ಯಕ್ಷ ಗ್ರ್ಯಾಂಟ್ ಮತ್ತು ಅಟಾರ್ನಿ ಜನರಲ್ ಪಿಯರ್‌ಪಾಂಟ್ ಕಳಿಸಲಿಲ್ಲ. ದಕ್ಷಿಣದ ಗಲಭೆಗಳ ಸುದ್ದಿ ಕೇಳಿ ಉತ್ತರದ ಮತದಾರರು ಬೇಸತ್ತಿದ್ದರು. ಏಮ್ಸ್ ಬಹುಪಾಲು ಕಪ್ಪು ಜನರೇ ಇದ್ದ ರಾಜ್ಯ ಪಡೆಯನ್ನು ಕಟ್ಟಿದ, ಅಕ್ಟೋಬರ್‌ನಲ್ಲಿ ಅದನ್ನು ಮನೆಗೆ ಕಳಿಸಿಯೂ ಬಿಟ್ಟ. ಚುನಾವಣೆ ಶಾಂತವಾಗಿರುತ್ತದೆಂದು ಡೆಮಾಕ್ರಟರು ಮಾತು ಕೊಟ್ಟಿದ್ದರು. ಇದನ್ನು ಹೇಡಿತನ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಯುದ್ಧದಲ್ಲಿ ಪಳಗಿದ ಬಿಳಿಯರೆದುರು ಅನನುಭವಿ ಪಡೆಯನ್ನು ನಿಲ್ಲಿಸಿದರೆ ಸಾಯುವವರು ಯಾರೆಂಬ ಲೆಕ್ಕ ಸೈನಿಕನಾದ ಅವನಿಗೆ ತಿಳಿದಿತ್ತು. ತಪ್ಪಿದ್ದು ಎದುರಾಳಿಯ ಮಾತನ್ನು ನಂಬಿದ್ದರಲ್ಲಿ. ಆ ನಂಬಿಕೆಯೂ ಪೂರ್ಣವಾಗಿರಲಿಲ್ಲ ಎನ್ನಲು ಹೆಂಡತಿ ಬ್ಲಾಂಚ್‌ಗೆ ಬರೆದ ಕಾಗದಗಳೇ ಸಾಕ್ಷಿ.

ನವೆಂಬರ್‌ನ ಚುನಾವಣೆಯಲ್ಲಿ ಯಾಜೂ ಕೌಂಟಿಯಲ್ಲಿ ರಿಪಬ್ಲಿಕನ್ನರಿಗೆ ಬಿದ್ದದ್ದು 7 ಮತ. ಡೆಮಾಕ್ರಟರ ಕೈಸೇರಿದ ಹೊಸ ಶಾಸನಸಭೆ ಏಮ್ಸ್ ಮೇಲೆ ಮಹಾಭಿಯೋಗ ಹೂಡಿತು; ಆರೋಪಗಳನ್ನು ಕೈಬಿಡುವ ಒಪ್ಪಂದದ ಮೇಲೆ 1876ರ ಮಾರ್ಚ್‌ನಲ್ಲಿ ಏಮ್ಸ್ ರಾಜೀನಾಮೆ ಕೊಟ್ಟ.

1956ರಲ್ಲಿ ಜಾನ್ ಎಫ್. ಕೆನಡಿ ‘ಪ್ರೊಫೈಲ್ಸ್ ಇನ್ ಕರೇಜ್’ ಕೃತಿಯಲ್ಲಿ ಏಮ್ಸ್‌ನ ಆಡಳಿತವನ್ನು ಹಳೆಯ ಕಣ್ಣಿನಿಂದಲೇ ಕಂಡರು. ಪ್ರತಿಭಟಿಸಿದ ಏಮ್ಸ್‌ನ ಮಗಳು, ತಾಯಿಯ ಹೆಸರನ್ನೇ ಹೊತ್ತ ಬ್ಲಾಂಚ್ ಏಮ್ಸ್, 1964ರಲ್ಲಿ ತಂದೆಯ ಜೀವನಚರಿತ್ರೆಯನ್ನೇ ಪ್ರಕಟಿಸಿದರು. ಮಗಳ ಬರವಣಿಗೆ ಪಕ್ಷಪಾತದ್ದು ಎಂದು ಬದಿಗಿಡಬಹುದು. ಆದರೆ 1875ರ ಹಿಂಸೆಯನ್ನು ತನಿಖೆ ಮಾಡಿದ ಸೆನೆಟ್‌ನ ಬೌಟ್‌ವೆಲ್ ಸಮಿತಿಯ ವರದಿ 1876ರಲ್ಲೇ ಹೊರಬಂದಿತ್ತು. ಅದನ್ನು ಕಡೆಗಣಿಸಿದ ಚರಿತ್ರೆಕಾರರಿಗೆ ಆಧಾರ ಸಿಗಲಿಲ್ಲ ಎಂಬ ನೆಪವಿಲ್ಲ.