ಬಾರದ ಟ್ರಾಮ್, ತಡವಾಗಿ ಬಂದ ರೈಲು

ಸೌತ್ ಎಂಡ್ ವೃತ್ತದ ಮೂಲಕ ನೀವು ಎಷ್ಟೋ ಸಲ ಹಾದುಹೋಗಿರುತ್ತೀರಿ. ಆ ಹೆಸರಿನ ಅರ್ಥವನ್ನು ಒಮ್ಮೆ ಯೋಚಿಸಿ ನೋಡಿ. ಒಂದು ಕಾಲಕ್ಕೆ ಬೆಂಗಳೂರು ದಕ್ಷಿಣ ದಿಕ್ಕಿನಲ್ಲಿ ಅಲ್ಲಿಗೇ ಮುಗಿಯುತ್ತಿತ್ತು. 1948ರಲ್ಲಿ ಅದರಾಚೆ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದೆ ಬನಶಂಕರಿ ಬಂತು, ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ಬಂತು, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಹೊತ್ತ ಬಿ.ಟಿ.ಎಂ. ಬಡಾವಣೆ ಬಂತು. ಮನೆಗಳು ಮೊದಲು ಬಂದವು, ರೈಲು ಆಮೇಲೆ. ಈ ನಡುವಿನ ಅಂತರ ಎಷ್ಟು ದೊಡ್ಡದು, ಅದಕ್ಕೆ ನಾವು ತೆತ್ತ ಬೆಲೆ ಏನು ಎಂಬುದೇ ಈ ಲೇಖನದ ವಿಷಯ.

ಬೆಂಗಳೂರಿನ ಬೀದಿಗಳಲ್ಲಿ ಟ್ರಾಮ್ ಎಂದೂ ಓಡಲಿಲ್ಲ. ಪಕ್ಕದ ಮದರಾಸಿನಲ್ಲಿ 1895ರಿಂದ 1953ರವರೆಗೆ ವಿದ್ಯುತ್ ಟ್ರಾಮ್ ಇತ್ತು. ನಮ್ಮಲ್ಲಿ ವಿದ್ಯುತ್ತಿಗೆ ಕೊರತೆಯಿತ್ತೆಂದು ಹೇಳುವಂತಿಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಇಲ್ಲಿ ಬೀದಿದೀಪಗಳು ಉರಿದವು. 1949ರವರೆಗೆ ನಗರಕ್ಕೊಂದು, ದಂಡುಪ್ರದೇಶಕ್ಕೊಂದು ಎಂದು ಎರಡು ಪ್ರತ್ಯೇಕ ಪೌರಾಡಳಿತಗಳಿದ್ದವು. ಎರಡರ ಗಡಿ ದಾಟುವ ಹಳಿಯನ್ನು ಯಾರು ಹಾಕಬೇಕಿತ್ತು? ಇದೂ ಒಂದು ಕಾರಣವಿರಬಹುದೆಂಬುದು ನನ್ನ ಊಹೆ.

1980ರ ದಶಕದ ಆರಂಭದಲ್ಲೇ ರಾಜಾಜಿನಗರದಿಂದ ಜಯನಗರಕ್ಕೆ ನಗರ ರೈಲು ಬೇಕೆಂಬ ಶಿಫಾರಸು ಬಂದಿತ್ತು. ಅದು ಕಡತದಲ್ಲೇ ಉಳಿಯಿತು. 1994ರಲ್ಲಿ ರಾಜ್ಯ ಸರ್ಕಾರ ಹೊಸದೊಂದು ಸಂಸ್ಥೆ ಕಟ್ಟಿ, ಖಾಸಗಿ ಸಹಭಾಗಿತ್ವದಲ್ಲಿ ಲಘು ರೈಲು ಓಡಿಸಲು ಹೊರಟಿತು. ಲಘು ರೈಲೆಂದರೆ ಟ್ರಾಮಿನ ತಮ್ಮನೆನ್ನಿ. ಆದರೆ ಇದು ಓಡಬೇಕಾಗಿದ್ದದ್ದು ಬಹುಮಟ್ಟಿಗೆ ಕಂಬಗಳ ಮೇಲೆ. ಅದೂ ಬರಲಿಲ್ಲ. ಕೊನೆಗೆ 2003ರಲ್ಲಿ ದೆಹಲಿ ಮೆಟ್ರೊ ನಿಗಮ ವಿವರವಾದ ಯೋಜನಾ ವರದಿ ಸಿದ್ಧಪಡಿಸಿತು, 2006ರ ಜೂನ್ 24ರಂದು ಶಂಕುಸ್ಥಾಪನೆಯಾಯಿತು.

ಈಗ ನಕ್ಷೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಆ ಮೊದಲ ಯೋಜನೆಯ ಉದ್ದ 33 ಕಿ.ಮೀ. ಅದರ ಉತ್ತರ–ದಕ್ಷಿಣ ಮಾರ್ಗದ ದಕ್ಷಿಣ ತುದಿ ಆರ್.ವಿ. ರಸ್ತೆ. ಅಲ್ಲಿಂದ ಮುಂದೆ ಎತ್ತ ಹೋಗಬೇಕು? ನೇರ ದಕ್ಷಿಣಕ್ಕೆ ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿಯಬಹುದು. ಪೂರ್ವಕ್ಕೆ ತಿರುಗಿ ಜಯದೇವ, ಬಿ.ಟಿ.ಎಂ. ಮೂಲಕ ಸಿಲ್ಕ್ ಬೋರ್ಡಿಗೆ, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಸಾಗಬಹುದು. ಇವೆರಡರ ನಡುವೆ ಬನ್ನೇರುಘಟ್ಟ ರಸ್ತೆಯಿದೆ.

ಮೊದಲು ಆಯ್ಕೆಯಾದದ್ದು ನೇರ ದಾರಿ. ಅದು ಸುಲಭ: ಅದೇ ಹಳಿ, ಅದೇ ರೈಲು, ಪೀಣ್ಯದ ಅದೇ ಡಿಪೊ. 2009ರಲ್ಲಿ ನಂದಾ ರಸ್ತೆಯ ಮರಗಳನ್ನು ಕಡಿಯುವುದರ ವಿರುದ್ಧ ನಾಗರಿಕರು ಬೀದಿಗಿಳಿದರು. ಮಾರ್ಗ ಮಾತ್ರ ಬದಲಾಗಲಿಲ್ಲ. 2017ರ ಜೂನ್‌ನಲ್ಲಿ ರೈಲು ಯಲಚೇನಹಳ್ಳಿ ತಲುಪಿತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆ ಮುಟ್ಟಿತು. ಈ ಮಾರ್ಗದಲ್ಲಿ ಜೆ.ಪಿ. ನಗರ ಎಂಬ ನಿಲ್ದಾಣವೇನೋ ಇದೆ. ಆದರೆ ಅದಿರುವುದು ಬಡಾವಣೆಯ ಪಶ್ಚಿಮದ ಅಂಚಿನಲ್ಲಿ. ಬನ್ನೇರುಘಟ್ಟ ರಸ್ತೆಯ ಕಡೆಗಿರುವ ಹಂತಗಳ ನಿವಾಸಿಗೆ ಹೆಸರು ಸಿಕ್ಕಿತು, ರೈಲು ಸಿಗಲಿಲ್ಲ.

ನನ್ನನ್ನು ಕೇಳಿದರೆ ಪೂರ್ವದ ದಾರಿಯೇ ಮೊದಲು ಬರಬೇಕಿತ್ತು. ಕೆಲಸಕ್ಕೆ ಹೋಗುವ ಜನರಿಂದ ಸಿಲ್ಕ್ ಬೋರ್ಡ್ ಕೂಡುರಸ್ತೆ ಆ ವೇಳೆಗಾಗಲೇ ಉಸಿರುಗಟ್ಟಿತ್ತು. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ದೊರೆತದ್ದು 2014ರಲ್ಲಿ. ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ತಡವಾದುದರ ಬೆಲೆಯನ್ನು ಜಯದೇವದಲ್ಲಿ ಕಣ್ಣಾರೆ ಕಂಡೆವು. ಆರ್.ವಿ. ರಸ್ತೆಯಿಂದ ಎರಡೇ ನಿಲ್ದಾಣದಾಚೆಯ ಆ ಕೂಡುರಸ್ತೆಯಲ್ಲಿ, ಮೆಟ್ರೊ ಬರುವ ಮುನ್ನವೇ ಮೇಲ್ಸೇತುವೆ ಎದ್ದಿತ್ತು. ಮೆಟ್ರೊಗೆ ಜಾಗ ಬೇಕೆಂದು 2020ರಲ್ಲಿ ಅದನ್ನೇ ಒಡೆದರು. ಬಳಿಕ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಕೆಳಗೆ ರಸ್ತೆ, ಮೇಲೆ ರೈಲು ಇರುವ ಎರಡಂತಸ್ತಿನ ಸೇತುವೆ ಕಟ್ಟಿದರು. ಎಂಜಿನಿಯರಿಂಗ್ ಓದುವವರು ಅದನ್ನು ಹೋಗಿ ನೋಡಿ, ನೋಡುವಂತಿದೆ. ಆದರೆ ರೈಲಿನ ದಾರಿ ಮೊದಲೇ ನಿಶ್ಚಯವಾಗಿದ್ದರೆ ಒಂದೇ ಸಲ ಕಟ್ಟಬಹುದಿತ್ತಲ್ಲವೇ?

ಹಳಿ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. 19.15 ಕಿ.ಮೀ. ಉದ್ದದ ಹಳದಿ ಮಾರ್ಗ ಆರಂಭವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಇದರಲ್ಲಿ ಸರಳವಾದ ಒಂದು ಲೆಕ್ಕವಿದೆ. ಮೂರನ್ನು 25ರಿಂದ ಗುಣಿಸಿ: 75. ಅಂದರೆ ಒಂದು ರೈಲು ಹೋಗಿ, ತಿರುಗಿ, ಮತ್ತೆ ಹೊರಡುವ ಸ್ಥಿತಿಗೆ ಬರಲು 75 ನಿಮಿಷ. ಐದು ನಿಮಿಷಕ್ಕೊಂದು ರೈಲು ಬೇಕಾದರೆ 75ನ್ನು ಐದರಿಂದ ಭಾಗಿಸಿ. ಹದಿನೈದು ರೈಲು ಬೇಕು. ವೇಳಾಪಟ್ಟಿ ನೋಡದೆ ಬಂದ ಪ್ರಯಾಣಿಕ ಸರಾಸರಿ ಕಾಯುವುದು ಅಂತರದ ಅರ್ಧದಷ್ಟು, ಅಂದರೆ 25 ನಿಮಿಷದ ಅಂತರದಲ್ಲಿ ಹನ್ನೆರಡೂವರೆ ನಿಮಿಷ. ಬಿ.ಟಿ.ಎಂ.ನಿಂದ ಆರ್.ವಿ. ರಸ್ತೆಗೆ ಮೂರು ನಿಲ್ದಾಣ ಹೋಗುವವನಿಗೆ ಪ್ರಯಾಣಕ್ಕಿಂತ ಕಾಯುವಿಕೆಯೇ ಹೆಚ್ಚು.

ಜೆ.ಪಿ. ನಗರದ ಪೂರ್ವಭಾಗಕ್ಕೆ ಬನ್ನೇರುಘಟ್ಟ ರಸ್ತೆಯ ಗುಲಾಬಿ ಮಾರ್ಗ ಗೊತ್ತಾಗಿದೆ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಅದು ಹಳದಿ ಮಾರ್ಗವನ್ನು ಜಯದೇವದಲ್ಲಿ ಕೂಡುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಮೂರನೇ ಹಂತಕ್ಕೂ ಒಪ್ಪಿಗೆ ನೀಡಿತು. ಜೆ.ಪಿ. ನಗರ 4ನೇ ಹಂತದಿಂದ ಹೊರವರ್ತುಲ ರಸ್ತೆಯ ಪಶ್ಚಿಮ ಭಾಗ ಹಿಡಿದು ಕೆಂಪಾಪುರಕ್ಕೆ ಹೋಗುವ ಮಾರ್ಗ ಅದರಲ್ಲಿದೆ, ಉದ್ದ 32.15 ಕಿ.ಮೀ. ಹಳದಿ ಮಾರ್ಗದ ಸರಾಸರಿ ವೇಗವೇ ಇಲ್ಲಿಯೂ ಇರುವುದಾದರೆ ಒಂದು ಸುತ್ತಿಗೆ ಸುಮಾರು 126 ನಿಮಿಷ ಹಿಡಿಯುತ್ತದೆ. ಐದು ನಿಮಿಷಕ್ಕೊಂದು ರೈಲು ಓಡಿಸಲು ಎಷ್ಟು ರೈಲು ಬೇಕೆಂದು ನೀವೇ ಭಾಗಿಸಿ ನೋಡಿ. ಬರುವ ಉತ್ತರ 25ಕ್ಕಿಂತ ತುಸು ಹೆಚ್ಚು. ಕಾಲು ರೈಲು ಓಡಿಸಲಾಗದು, ಆದ್ದರಿಂದ 26.