ಗ್ರಾಮ ಪಂಚಾಯಿತಿ ಕಾಮಗಾರಿಗಳು: ಸಮಿತಿಯ ತೀರ್ಮಾನದಿಂದ ಟೆಂಡರು ಅಂಗೀಕಾರದವರೆಗೆ

ಚರಂಡಿ, ರಸ್ತೆ, ಕುಡಿಯುವ ನೀರಿನ ಕೊಳವೆ ಮಾರ್ಗ ಮುಂತಾದ ಗ್ರಾಮ ಪಂಚಾಯಿತಿ ಕಾಮಗಾರಿಗಳ ಬಗ್ಗೆ ಸಾರ್ವಜನಿಕರ ದೂರುಗಳು ಸಾಮಾನ್ಯವಾಗಿ ಕಾಮಗಾರಿ ಮುಗಿದು, ಬಿಲ್ಲು ಪಾವತಿಯಾದ ನಂತರ ಬರುತ್ತವೆ. ಆ ಹಂತದಲ್ಲಿ ಸರಿಪಡಿಸಲು ಉಳಿದಿರುವುದು ಅತ್ಯಲ್ಪ. ಯಾವ ಕಾಮಗಾರಿ ಆಗಬೇಕು ಎಂಬ ತೀರ್ಮಾನವೂ, ಅದನ್ನು ಯಾರು ಮಾಡಬೇಕು ಎಂಬ ತೀರ್ಮಾನವೂ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ನಿಯಮಗಳಡಿ ಆಗತಕ್ಕವು. ಇವೆರಡೂ ಒಂದೇ ಮೇಜಿನ ಮೇಲೆ ಒಂದೇ ದಿನ ತೀರ್ಮಾನವಾದಲ್ಲಿ ನಷ್ಟ ಗ್ರಾಮಸ್ಥರದು. ಆದುದರಿಂದ ಯಾವ ಹಂತದಲ್ಲಿ ಏನನ್ನು ಕೇಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಿತಿಗಳ ಕಾರ್ಯವ್ಯಾಪ್ತಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 61ನೇ ಪ್ರಕರಣದಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಮೂರು ಸ್ಥಾಯಿ ಸಮಿತಿಗಳಿರುತ್ತವೆ: ಸಾಮಾನ್ಯ ಸ್ಥಾಯಿ ಸಮಿತಿ, ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ. ಇವು ಚುನಾಯಿತ ಸದಸ್ಯರ ಸಮಿತಿಗಳು. ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ ಬಂದ ಬೇಡಿಕೆಗಳನ್ನು ಪರಿಶೀಲಿಸಿ, ಆದ್ಯತೆ ನಿಗದಿಪಡಿಸಿ, ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಮಂಡಿಸುವವರೆಗೆ ಇವುಗಳ ಪಾತ್ರ ಮಹತ್ವದ್ದು. ಗುತ್ತಿಗೆದಾರರನ್ನು ಆರಿಸುವ ಅಧಿಕಾರ ಇವುಗಳಿಗಿಲ್ಲ.

ಗ್ರಾಮ ಸಭೆಯು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರತಕ್ಕದ್ದು. ತಮ್ಮ ಬೀದಿಯ ಚರಂಡಿ ಕ್ರಿಯಾ ಯೋಜನೆಯಲ್ಲಿ ಸೇರಬೇಕೆನ್ನುವವರು ಬೇಡಿಕೆಯನ್ನು ಅಲ್ಲಿಯೇ ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಸುವುದು ಸೂಕ್ತ. ಸದಸ್ಯರಿಗೆ ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾದ ಬೇಡಿಕೆಗೆ ಕಡತದಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

ಪಂಚಾಯಿತಿಯ ಕಾಮಗಾರಿ ಅಥವಾ ಕರಾರಿನಲ್ಲಿ ನೇರವಾಗಲಿ ಪರೋಕ್ಷವಾಗಲಿ ಪಾಲು ಅಥವಾ ಹಣಕಾಸಿನ ಹಿತಾಸಕ್ತಿ ಉಳ್ಳವರು ಸದಸ್ಯರಾಗಿರಲು ಅನರ್ಹರು ಎಂದು ಇದೇ ಅಧಿನಿಯಮದ 12ನೇ ಪ್ರಕರಣ ಹೇಳುತ್ತದೆ. ಸಂಬಂಧಿಕರ ಹೆಸರಿನಲ್ಲಿ ಗುತ್ತಿಗೆ ಪಡೆದ ಪ್ರಸಂಗಗಳಲ್ಲಿ 'ಪರೋಕ್ಷ' ಎಂಬ ಒಂದು ಪದದ ಮೇಲೆಯೇ ಚರ್ಚೆ ನಿಲ್ಲುವುದುಂಟು.

ಟೆಂಡರು ಪ್ರಕ್ರಿಯೆ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ದಿನಾಂಕ 4-10-2000ರಿಂದ ಜಾರಿಯಲ್ಲಿದ್ದು, ಸ್ಥಳೀಯ ಪ್ರಾಧಿಕಾರಗಳಾದ ಪಂಚಾಯಿತಿಗಳಿಗೂ ಅನ್ವಯಿಸುತ್ತದೆ. ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿ ದೊರೆತ ನಂತರ ಟೆಂಡರು ಆಹ್ವಾನಿಸಲಾಗುತ್ತದೆ. ಟೆಂಡರು ಆಹ್ವಾನಿಸುವ ಪ್ರಾಧಿಕಾರ ಯಾರೆಂಬುದು ಪ್ರಕಟಣೆಯಲ್ಲಿಯೇ ನಮೂದಾಗಿರುತ್ತದೆ.

2000ರ ಮೂಲ ನಿಯಮಗಳಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರುಗಳಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲ್ಪಟ್ಟವುಗಳಿಗೆ 60 ದಿನ ಕಾಲಾವಕಾಶ ಗೊತ್ತುಪಡಿಸಲಾಗಿತ್ತು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ತಮಗೆ ಅನ್ವಯವಾಗುವ ಅವಧಿಯನ್ನು ಟೆಂಡರು ದಾಖಲೆಯಲ್ಲಿ ನೋಡಿಕೊಳ್ಳತಕ್ಕದ್ದು. ಈ ಅವಧಿಯನ್ನು ಕಡಿತಗೊಳಿಸಬೇಕಾದಲ್ಲಿ ಮೇಲಿನ ಪ್ರಾಧಿಕಾರವು ಕಾರಣಗಳನ್ನು ಲಿಖಿತವಾಗಿ ದಾಖಲಿಸಿ ಅನುಮತಿ ನೀಡಬೇಕು. 'ಅಲ್ಪಾವಧಿ ಟೆಂಡರು' ಎಂಬ ಶೀರ್ಷಿಕೆ ಕಂಡಾಗ ಆ ಕಾರಣವನ್ನು ಕೇಳುವುದು ತಪ್ಪಲ್ಲ.

ಟೆಂಡರಿಗೂ ಹರಾಜಿಗೂ ಇರುವ ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ಪಂಚಾಯಿತಿ ಮಳಿಗೆ ಅಥವಾ ಸಂತೆ ಸುಂಕದ ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಹಕ್ಕು ದೊರೆಯುತ್ತದೆ. ಅಲ್ಲಿ ಹಣ ಪಂಚಾಯಿತಿಗೆ ಬರುತ್ತದೆ. ಕಾಮಗಾರಿಯ ಟೆಂಡರಿನಲ್ಲಿ ಹಣ ಪಂಚಾಯಿತಿಯಿಂದ ಹೋಗುತ್ತದೆ. ನಿಗದಿತ ಅರ್ಹತೆ ಇರುವವರ ಪೈಕಿ ಅತಿ ಕಡಿಮೆ ದರದವರನ್ನು ಗುರುತಿಸಲಾಗುತ್ತದೆ. ಮೊದಲು ಅರ್ಹತೆ, ನಂತರ ದರ. ಸಣ್ಣ ಗುತ್ತಿಗೆದಾರರು ದರ ಕಡಿಮೆ ಇದ್ದರೂ ಅನುಭವ ಪ್ರಮಾಣಪತ್ರ ಅಥವಾ ಮುಂಗಡ ಠೇವಣಿಯ ದಾಖಲೆ ಲಗತ್ತಿಸದೆ ತಾಂತ್ರಿಕ ಹಂತದಲ್ಲಿಯೇ ತಿರಸ್ಕೃತರಾಗುವುದುಂಟು.

ತುಂಡು ಕಾಮಗಾರಿ

ಅಧಿನಿಯಮದ 4ನೇ ಪ್ರಕರಣವು ನಿಗದಿತ ಮೌಲ್ಯದೊಳಗಿನ ಸಂಗ್ರಹಣೆಗಳಿಗೆ ಹಾಗೂ ಇನ್ನು ಕೆಲವು ಸಂದರ್ಭಗಳಿಗೆ ವಿನಾಯಿತಿ ನೀಡಿದೆ. ಒಡೆದ ಕೊಳವೆಯನ್ನು ಅಂದೇ ದುರಸ್ತಿ ಮಾಡಬೇಕಾದ ಪಂಚಾಯಿತಿಗೆ ಇಂತಹ ಅವಕಾಶ ಅವಶ್ಯಕವೇ. ಆದರೆ ಒಂದೇ ಬೀದಿಯ ಒಂದೇ ಚರಂಡಿಯನ್ನು 'ಆ ಮನೆಯಿಂದ ಈ ಮನೆಯವರೆಗೆ' ಎಂದು ಮೂರು ಅಂದಾಜು ಪಟ್ಟಿಗಳಾಗಿ ಒಡೆದು, ಪ್ರತಿಯೊಂದನ್ನೂ ಮಿತಿಯೊಳಗೆ ತರುವುದು ವಿನಾಯಿತಿಯ ದುರುಪಯೋಗ. ಇಂತಹ ಚರಂಡಿಯಲ್ಲಿ ಒಂದು ತುಂಡಿನ ತಳಮಟ್ಟ ಮತ್ತೊಂದಕ್ಕೆ ಹೊಂದದೆ ನೀರು ನಡುವೆ ನಿಲ್ಲುತ್ತದೆ; ಯಾರ ತಪ್ಪೆಂದು ಗೊತ್ತುಮಾಡುವುದೂ ಕಷ್ಟವಾಗುತ್ತದೆ. ಕ್ರಿಯಾ ಯೋಜನೆಯ ಪಟ್ಟಿಯಲ್ಲಿ ಒಂದೇ ಸ್ಥಳದ ಹೆಸರು ಸ್ವಲ್ಪ ಸ್ವಲ್ಪ ಬದಲಾಗಿ ಹಲವು ಬಾರಿ ಬಂದಿದ್ದಲ್ಲಿ, ಕಾರ್ಯಾದೇಶ ಹೊರಡುವ ಮೊದಲೇ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು.

ಮಾಹಿತಿ ಮತ್ತು ಮೇಲ್ಮನವಿ

ಟೆಂಡರು ಮೌಲ್ಯಮಾಪನದ ವಿವರಗಳು ಗುತ್ತಿಗೆ ಪ್ರಕಟವಾಗುವವರೆಗೆ ಗೌಪ್ಯ. ಆ ಅವಧಿಯಲ್ಲಿ ಮಾಹಿತಿ ನೀಡಲಿಲ್ಲವೆಂಬ ಕಾರಣಕ್ಕೆ ಅಕ್ರಮ ನಡೆದಿದೆಯೆಂದು ಭಾವಿಸಬೇಕಾಗಿಲ್ಲ. ತದನಂತರ ತುಲನಾತ್ಮಕ ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಗ್ರಾಮ ಪಂಚಾಯಿತಿಯಲ್ಲಿ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿ ಇದೆ. ರಾಜ್ಯದ ನಿಯಮಗಳ 2008ರ ತಿದ್ದುಪಡಿಯಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ, ಸಾಮಾನ್ಯವಾಗಿ 150 ಪದಗಳನ್ನು ಮೀರದಂತೆ ಇರಬೇಕು. ಹತ್ತು ಕಾಮಗಾರಿಗಳನ್ನು ಒಂದೇ ಅರ್ಜಿಯಲ್ಲಿ ಕೇಳಿದಲ್ಲಿ ಹಿಂಬರಹ ಬರುವ ಸಂಭವವೇ ಹೆಚ್ಚು.

ಟೆಂಡರು ಸಲ್ಲಿಸಿ ಬಾಧಿತರಾದವರು, ಸರ್ಕಾರವನ್ನು ಹೊರತುಪಡಿಸಿ ಇತರ ಅಂಗೀಕಾರ ಪ್ರಾಧಿಕಾರವು 13ನೇ ಪ್ರಕರಣದಡಿ ಹೊರಡಿಸಿದ ಆದೇಶದ ವಿರುದ್ಧ, ಆದೇಶ ತಲುಪಿದ 30 ದಿನಗಳೊಳಗೆ 16ನೇ ಪ್ರಕರಣದಂತೆ ನಿಯಮಿಸಲಾದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಟೆಂಡರಿನಲ್ಲಿ ಭಾಗವಹಿಸದ ಗ್ರಾಮಸ್ಥರಿಗೆ ಈ ಮೇಲ್ಮನವಿ ಲಭ್ಯವಿಲ್ಲ. ಅವರು ತಮ್ಮ ದೂರನ್ನು ದಾಖಲೆಗಳ ಪ್ರತಿಗಳೊಂದಿಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.